‘ಬಂಡವಾಳ’ವನ್ನು ಹತ್ತನೇ ಅಧ್ಯಾಯದಿಂದ ಓದಿ: ಒಬ್ಬ ಟೈಮ್ ಆಫೀಸ್ ಗುಮಾಸ್ತರ ಸಲಹೆ

ನಾನು ಹನ್ನೊಂದು ವರ್ಷ ಒಂದು ಸಿದ್ಧ ಉಡುಪು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೆಲಸ ಮಾಡಿದೆ. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು, ಊಟದ ಬಿಡುವು ಎಷ್ಟು ನಿಮಿಷ, ಒಂದು ಕಾಲರ್ ಹೊಲಿಯಲು ಎಷ್ಟು ಸೆಕೆಂಡ್, ಇದನ್ನೆಲ್ಲ ಬರೆದಿಡುವುದು ನನ್ನ ಕೆಲಸ. ಆ ದಿನಗಳಲ್ಲೇ ಕಾರ್ಲ್ ಮಾರ್ಕ್ಸ್ ಬರೆದ ‘ಬಂಡವಾಳ’ದ ಮೊದಲ ಸಂಪುಟವನ್ನು ಓದಬೇಕೆಂದು ಎರಡು ಸಲ ಕೂತೆ. ಎರಡೂ ಸಲ ಮೊದಲ ಅಧ್ಯಾಯದ ಮೂರನೇ ಭಾಗದಲ್ಲೇ ನಿಂತುಹೋಯಿತು. 20 ಗಜ ಲಿನನ್ ಬಟ್ಟೆ ಒಂದು ಕೋಟ್‌ಗೆ ಸಮ, ಒಂದು ಕೋಟ್ 20 ಗಜ ಲಿನನ್‌ಗೆ ಸಮ. ಇದನ್ನೇ ಯಾಕೆ ಇಷ್ಟು ಪುಟ ತಿರುಗಿಸಿ ಮುರುಗಿಸಿ ಹೇಳುತ್ತಿದ್ದಾರೆ ಎಂದು ಗೊತ್ತಾಗಲಿಲ್ಲ.

ಮೂರನೇ ಸಲ ಯೂನಿಯನ್ನಿನ ಒಬ್ಬ ಹಿರಿಯ ಸಂಗಾತಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಹತ್ತನೇ ಅಧ್ಯಾಯ ತೆರೆದುಕೊಟ್ಟರು. “ಇಲ್ಲಿಂದ ಓದಿ. ಇದು ನಿಮ್ಮ ರಿಜಿಸ್ಟರ್ ಬಗ್ಗೆಯೇ ಇದೆ” ಅಂದರು. ಆ ಅಧ್ಯಾಯದಲ್ಲಿ ಒಂದು ಲೆಕ್ಕ ಬರುತ್ತದೆ. ಇಂಗ್ಲೆಂಡಿನ ಕಾರ್ಖಾನೆ ಇನ್‌ಸ್ಪೆಕ್ಟರ್‌ಗಳ ವರದಿಯಿಂದ ಮಾರ್ಕ್ಸ್ ಎತ್ತಿಕೊಂಡದ್ದು. ದಿನಕ್ಕೆ ಐದು ನಿಮಿಷ ಜಾಸ್ತಿ ದುಡಿಸಿದರೆ ವರ್ಷಕ್ಕೆ ಎರಡೂವರೆ ದಿನದ ಉತ್ಪಾದನೆ ಸಿಗುತ್ತದೆ. ಬೆಳಿಗ್ಗೆ ಕಾಲು ಗಂಟೆ ಮೊದಲು ಯಂತ್ರ ಶುರು, ತಿಂಡಿಯ ಬಿಡುವಿನ ಆಚೆ ಈಚೆ ಐದೈದು ನಿಮಿಷ, ಊಟದ ಬಿಡುವಿನ ಆಚೆ ಈಚೆ ಹತ್ತತ್ತು ನಿಮಿಷ, ಸಂಜೆ ಮತ್ತೆ ಕಾಲು ಗಂಟೆ. ಶನಿವಾರದ ಅರ್ಧ ದಿನಕ್ಕೆ 40 ನಿಮಿಷ. ಹೀಗೆ ವಾರಕ್ಕೆ 5 ಗಂಟೆ 40 ನಿಮಿಷ. ವರ್ಷಕ್ಕೆ 27 ಕೆಲಸದ ದಿನ. ಓದುತ್ತಾ ನನ್ನ ಕೈ ತಣ್ಣಗಾಯಿತು. ನಾನು ಕೆಲಸ ಮಾಡುತ್ತಿದ್ದ ಕಡೆಯೂ ಬೆಲ್ಲು ಐದು ನಿಮಿಷ ಮೊದಲೇ ಹೊಡೆಯುತ್ತಿತ್ತು. ಆ ಐದು ನಿಮಿಷ ಯಾವ ಕಾಲಮ್ಮಿನಲ್ಲೂ ಇರಲಿಲ್ಲ. ರಿಜಿಸ್ಟರ್ ಬರೆಯುತ್ತಿದ್ದದ್ದು ನಾನೇ.

ಆಮೇಲೆ ಮೂರು ಓದುಬಳಗಗಳ ಜೊತೆ ಕೂತು ಈ ಸಂಪುಟವನ್ನು ಪೂರ್ತಿ ಓದಿದ್ದೇನೆ. ನಾಲ್ಕನೆಯದು ಈಗ ನಡೆಯುತ್ತಿದೆ. ಹೊಸದಾಗಿ ಶುರುಮಾಡುವವರಿಗೆ ನಮಗೆ ಫಲ ಕೊಟ್ಟ ದಾರಿ ಇದು.

ಮೊದಲು ಪ್ರತಿ ನೋಡಿಕೊಳ್ಳಿ

ಕೈಯಲ್ಲಿರುವ ಪ್ರತಿಯ ಅಧ್ಯಾಯಗಳ ಸಂಖ್ಯೆ ನೋಡಿ. ಈ ಸಂಪುಟ ಜರ್ಮನ್ ಭಾಷೆಯಲ್ಲಿ 1867ರಲ್ಲಿ ಬಂತು. ಎರಡನೇ ಜರ್ಮನ್ ಆವೃತ್ತಿಯಲ್ಲಿ ಮಾರ್ಕ್ಸ್ ಅದನ್ನು 25 ಅಧ್ಯಾಯಗಳಾಗಿ ಮತ್ತೆ ಜೋಡಿಸಿದರು. 1887ರಲ್ಲಿ ಮಾರ್ಕ್ಸ್ ಅವರ ಗೆಳೆಯ ಎಂಗೆಲ್ಸ್ ಸಂಪಾದಿಸಿದ ಇಂಗ್ಲಿಷ್ ಆವೃತ್ತಿಯಲ್ಲಿ 33 ಅಧ್ಯಾಯ. ‘ಕೆಲಸದ ದಿನ’ ಎಂಬ ಅಧ್ಯಾಯ ಇಂಗ್ಲಿಷಿನ ಪ್ರಕಾರ ಹತ್ತನೆಯದು, ಜರ್ಮನ್ನಿನ ಪ್ರಕಾರ ಎಂಟನೆಯದು. ಬಳಗದಲ್ಲಿ ಬೇರೆ ಬೇರೆ ಪ್ರತಿಗಳಿದ್ದರೆ ಮೊದಲ ದಿನವೇ ಒಂದು ಹಾಳೆಯಲ್ಲಿ ಎರಡೂ ಸಂಖ್ಯೆ ಬರೆದಿಡಿ. ಇಲ್ಲದಿದ್ದರೆ ಪ್ರತಿ ಸಲ ಪುಟ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಈ ಬರಹದಲ್ಲಿ ನಾನು ಇಂಗ್ಲಿಷ್ ಆವೃತ್ತಿಯ ಸಂಖ್ಯೆಯನ್ನೇ ಹಿಡಿದಿದ್ದೇನೆ.

ನಡುವಿನಿಂದ ಶುರುಮಾಡುವುದು ತಪ್ಪಲ್ವಾ ಎಂದು ಕೆಲವರು ಕೇಳುತ್ತಾರೆ. ಮಾರ್ಕ್ಸ್ ಅವರೇ ಕೊಟ್ಟ ಸಲಹೆ ಇದು. 1867ರ ನವೆಂಬರ್ 30ರಂದು ಗೆಳೆಯ ಕುಗೆಲ್‌ಮನ್ನರಿಗೆ ಬರೆದ ಪತ್ರದಲ್ಲಿ, ನಿಮ್ಮ ಹೆಂಡತಿ ಮೊದಲು ಕೆಲಸದ ದಿನ, ಸಹಕಾರ, ಶ್ರಮ ವಿಭಜನೆ ಮತ್ತು ಯಂತ್ರಗಳ ಬಗ್ಗೆ ಇರುವ ಭಾಗ, ಕೊನೆಗೆ ಆದಿಮ ಸಂಚಯದ (ಜನರ ನೆಲ ಕಿತ್ತುಕೊಂಡು ಬಂಡವಾಳ ಮೊದಲು ಕೂಡಿದ ಕಥೆಯ) ಭಾಗ ಓದಲಿ ಎಂದು ಹೇಳಿದ್ದಾರೆ. ಫ್ರೆಂಚ್ ಅನುವಾದ 1872ರಿಂದ ಕಂತು ಕಂತಾಗಿ ಬಂದಾಗಲೂ ಅವರಿಗೆ ಇದೇ ಚಿಂತೆ. ಕಂತಿನಲ್ಲಿ ಬಂದರೆ ಕೆಲಸಗಾರರ ಕೈಗೆ ಸಿಗುತ್ತದೆ ಎಂದು ಖುಷಿಪಟ್ಟರು. ಮೊದಲ ಅಧ್ಯಾಯಗಳು ಕಷ್ಟ, ಓದುಗರು ಬೇಸತ್ತು ಬಿಟ್ಟಾರು ಎಂದು ಹೆದರಿದರು ಕೂಡ.

ಬಳಗಕ್ಕೆ ಐದರಿಂದ ಏಳು ಜನ ಸಾಕು. ಹತ್ತು ದಾಟಿದರೆ ಇಬ್ಬರು ಮಾತಾಡುತ್ತಾರೆ, ಎಂಟು ಜನ ತಲೆ ಆಡಿಸುತ್ತಾರೆ. ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ ಕೂತರೆ ಒಂದೂಕಾಲು ವರ್ಷದಲ್ಲಿ ಮುಗಿಯುತ್ತದೆ. ನಮ್ಮ ಮೊದಲ ಬಳಗಕ್ಕೆ ಹದಿನಾಲ್ಕು ತಿಂಗಳು ಬೇಕಾಯಿತು. ಜೋರಾಗಿ ಓದಿ. ಒಬ್ಬರು ಒಂದು ಪ್ಯಾರಾ ಓದಿದ ಮೇಲೆ ಇನ್ನೊಬ್ಬರು ಅದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಅವರಿಗೆ ಹೇಳಲು ಆಗದಿದ್ದರೆ ಮುಂದಕ್ಕೆ ಹೋಗಬೇಡಿ.

ಹತ್ತನೇ ಅಧ್ಯಾಯ: ಒಂದು ಗೆರೆ ಎಳೆಯಿರಿ

ಅಧ್ಯಾಯ ಶುರುವಾಗುವುದೇ ಒಂದು ಗೆರೆಯಿಂದ. ಅ ದಿಂದ ಬ ವರೆಗೆ ಆರು ಗಂಟೆ. ಕೆಲಸಗಾರ ತನ್ನ ಬದುಕಿಗೆ ಬೇಕಾದಷ್ಟು ಮೌಲ್ಯವನ್ನು ಹುಟ್ಟಿಸಲು ಹಿಡಿಯುವ ಹೊತ್ತು ಅದು. ಬ ದಿಂದ ಕ ವರೆಗೆ ಒಂದು ಗಂಟೆ ಇರಬಹುದು, ಮೂರು ಇರಬಹುದು, ಆರು ಇರಬಹುದು. ಆ ಹೊತ್ತಿನಲ್ಲಿ ಹುಟ್ಟುವುದು ಮಾಲೀಕರದ್ದು. ಮೊದಲ ತುಂಡು ಎಷ್ಟೆಂದು ಗೊತ್ತಿದ್ದರೂ ಇಡೀ ಗೆರೆ ಎಷ್ಟು ಉದ್ದ ಎಂದು ಹೇಳಲು ಆಗುವುದಿಲ್ಲ. ಇಡೀ ಅಧ್ಯಾಯ ನಿಂತಿರುವುದು ಈ ಮಾತಿನ ಮೇಲೆ.

ಈಗ ನೀವೂ ಒಂದು ಹಾಳೆಯಲ್ಲಿ ನಿಮ್ಮ ದಿನದ ಗೆರೆ ಎಳೆಯಿರಿ. ಏಳುವ ಹೊತ್ತು, ಹೊರಡುವ ಹೊತ್ತು, ಕೆಲಸಕ್ಕೆ ಕೂರುವ ಹೊತ್ತು, ಬಿಡುವು, ಎದ್ದು ಬರುವ ಹೊತ್ತು, ಮನೆಗೆ ಬಂದ ಮೇಲೂ ಫೋನಿನಲ್ಲಿ ಉತ್ತರಿಸುವ ಹೊತ್ತು, ಮಲಗುವ ಹೊತ್ತು. ಸಂಬಳ ಯಾವ ತುಂಡಿಗೆ ಸಿಗುತ್ತದೋ ಅದನ್ನು ದಪ್ಪ ಮಾಡಿ. ಈ ಹಾಳೆ ಕೊನೆವರೆಗೂ ಪುಸ್ತಕದೊಳಗೇ ಇರಲಿ. ನಾವು ಪ್ರತಿ ಅಧ್ಯಾಯದ ಕೊನೆಗೆ ಇದನ್ನು ತೆಗೆದು ನೋಡುತ್ತಿದ್ದೆವು.

ಮೊದಲ ಭಾಗದಲ್ಲಿ ಕೆಲಸಗಾರ ಎದ್ದು ಮಾತಾಡುತ್ತಾನೆ. ನಾನು ಮೂರು ದಿನದಲ್ಲಿ ತುಂಬಿಕೊಳ್ಳಬಹುದಾದ ಶಕ್ತಿಯನ್ನು ನೀವು ಒಂದೇ ದಿನದಲ್ಲಿ ಬಳಸಿ ಮುಗಿಸುತ್ತೀರಿ, ಕೊಡುವುದು ಮಾತ್ರ ಒಂದು ದಿನದ ದುಡ್ಡು ಎನ್ನುತ್ತಾನೆ. ಕೊಂಡವನಿಗೆ ಕೊಂಡದ್ದನ್ನು ಪೂರ್ತಿ ಬಳಸುವ ಹಕ್ಕಿದೆ. ಮಾರಿದವನಿಗೆ ತನ್ನ ಸರಕು ಹಾಳಾಗದಂತೆ ನೋಡಿಕೊಳ್ಳುವ ಹಕ್ಕಿದೆ. ಎರಡೂ ಸಮನಾದ ಹಕ್ಕುಗಳು. ಹಾಗಿರುವಾಗ ತೀರ್ಮಾನ ಮಾಡುವುದು ಬಲ ಎನ್ನುತ್ತಾರೆ ಮಾರ್ಕ್ಸ್. ಇಲ್ಲಿ ನಿಲ್ಲಿ. ಬಲ ಅಂದರೆ ಏನು ಎಂದು ಬಳಗದಲ್ಲಿ ಕೇಳಿ. ಮುಷ್ಕರವೇ, ಕಾನೂನೇ, ಪೊಲೀಸರೇ, ಮತವೇ? ನಮ್ಮಲ್ಲಿ ಒಂದು ಇಡೀ ಸಂಜೆ ಇದರಲ್ಲೇ ಹೋಯಿತು.

ಆಮೇಲೆ ಬರುವ ವರದಿಗಳನ್ನು ಅವಸರ ಮಾಡದೆ ಓದಿ. 1863ರ ಜೂನ್‌ನಲ್ಲಿ ಲಂಡನ್ನಿನಲ್ಲಿ 20 ವರ್ಷದ ಮೇರಿ ಆನ್ ವಾಕ್ಲಿ ಸತ್ತಳು. ಶ್ರೀಮಂತ ಹೆಂಗಸರ ನೃತ್ಯಕೂಟಕ್ಕೆ ಬಟ್ಟೆ ಹೊಲಿಯುತ್ತಿದ್ದ ಹುಡುಗಿ. ಇನ್ನೂ 60 ಹುಡುಗಿಯರ ಜೊತೆ, ಒಂದು ಕೋಣೆಗೆ 30 ಜನರಂತೆ ಕೂತು, 26 ಗಂಟೆ 30 ನಿಮಿಷ ಬಿಡುವಿಲ್ಲದೆ ಹೊಲಿದಿದ್ದಳು. ಈ ಪುಟವನ್ನು ನಾನು ಯಾವತ್ತೂ ಬೇರೆಯವರಿಂದ ಓದಿಸುವುದಿಲ್ಲ. ನಾನೇ ಓದುತ್ತೇನೆ. ಹೊಲಿಗೆ ಲೈನಿನಲ್ಲಿ ಕೂತವರ ಹೆಸರುಗಳನ್ನು ಅಷ್ಟು ವರ್ಷ ಬರೆದಿದ್ದೇನೆ, ಅದಕ್ಕೆ.

ಇಲ್ಲಿ ಒಂದು ಎಚ್ಚರ ಬೇಕು. ಕಣ್ಣಲ್ಲಿ ನೀರು ಬಂದರೆ ಅಧ್ಯಾಯ ಅರ್ಥವಾಯಿತು ಎಂದಲ್ಲ. ಕೆಟ್ಟ ಮಾಲೀಕರ ಕಥೆ ಎಂದು ಓದಿದರೆ ದಾರಿ ತಪ್ಪುತ್ತದೆ. ಅಡಿಟಿಪ್ಪಣಿಯೊಂದನ್ನು ಹುಡುಕಿ ನೋಡಿ. 1863ರಲ್ಲಿ ಸ್ಟಾಫರ್ಡ್‌ಶೈರಿನ 26 ಮಣ್ಣಿನ ಪಾತ್ರೆ ಕಂಪನಿಗಳು, ಹೆಸರಾಂತ ವೆಡ್ಜ್‌ವುಡ್ ಕೂಡ ಸೇರಿ, ಮಕ್ಕಳ ಕೆಲಸದ ಹೊತ್ತಿಗೆ ಮಿತಿ ಹಾಕಿ ಕಾನೂನು ಮಾಡಿ ಎಂದು ಸರ್ಕಾರಕ್ಕೆ ಮನವಿ ಕೊಟ್ಟವು. ನಾವಾಗಿ ಕಡಿಮೆ ಮಾಡೋಣ ಎಂದರೆ ಪೈಪೋಟಿ ಬಿಡುವುದಿಲ್ಲ ಎಂದು ಅವರೇ ಹೇಳಿಕೊಂಡರು. ಒಬ್ಬ ಮಾಲೀಕ ಒಳ್ಳೆಯವನೋ ಕೆಟ್ಟವನೋ ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ ಎಂಬ ಮಾರ್ಕ್ಸ್ ಮಾತಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಸಿಕ್ಕಿಲ್ಲ.

ಕಾರ್ಖಾನೆ ಕಾಯ್ದೆಗಳ ಭಾಗದಲ್ಲಿ ವರ್ಷಗಳು ಒಂದರ ಹಿಂದೆ ಒಂದು ಬರುತ್ತವೆ. 1833, 1844, 1847, 1850. ಬಾಯಿಪಾಠ ಮಾಡಬೇಡಿ. ಪ್ರತಿ ಕಾಯ್ದೆಗೂ ಮಾಲೀಕರು ಹುಡುಕಿದ ಕಳ್ಳದಾರಿ ಯಾವುದು, ಅಷ್ಟು ಮಾತ್ರ ಬರೆದುಕೊಳ್ಳಿ. ಹೆಂಗಸರಿಗೂ ಹದಿಹರೆಯದವರಿಗೂ ಹತ್ತು ಗಂಟೆಯ ಮಿತಿ ಹಾಕಿದ 1847ರ ಕಾಯ್ದೆಯ ಮೇಲೆ ಏನಾಯಿತು ನೋಡಿ. ಕೆಲಸಗಾರರನ್ನು ದಿನವಿಡೀ ಒಳಗೆ ಹೊರಗೆ ತಿರುಗಿಸುವ ಪಾಳಿ ವ್ಯವಸ್ಥೆ ತಂದರು. ಯಾರು ಎಷ್ಟು ಹೊತ್ತು ದುಡಿದರು ಎಂದು ಇನ್‌ಸ್ಪೆಕ್ಟರ್ ಲೆಕ್ಕ ಹಿಡಿಯಲು ಆಗದ ಹಾಗೆ. ಲೆನಾರ್ಡ್ ಹಾರ್ನರ್ ಎಂಬ ಇನ್‌ಸ್ಪೆಕ್ಟರ್ ವರ್ಷಗಟ್ಟಲೆ ಇದರ ವಿರುದ್ಧ ಹೋರಾಡಿದರು. ಮಾರ್ಕ್ಸ್ ಅವರನ್ನು ಮನಸಾರೆ ಹೊಗಳುತ್ತಾರೆ. ಸರ್ಕಾರಿ ನೌಕರನೊಬ್ಬ ಬರೆದ ಸರಿಯಾದ ಲೆಕ್ಕಕ್ಕೆ ಈ ಪುಸ್ತಕದಲ್ಲಿ ಎಷ್ಟು ಬೆಲೆ ಇದೆ ಎಂಬುದು ನನ್ನ ಮನಸ್ಸಿಗೆ ನಾಟಿದ ಸಂಗತಿ.

ಆಮೇಲೆ ಏಳನೇ ಅಧ್ಯಾಯ: ಪೆನ್ನು ಹಿಡಿಯಿರಿ

ಹತ್ತನೇ ಅಧ್ಯಾಯ ನಮ್ಮನ್ನು ಒಳಗೆ ಕರೆದುಕೊಂಡು ಹೋಗುತ್ತದೆ. ಜೊತೆಗೇ ಒಂದು ತಪ್ಪು ತಿಳಿವಳಿಕೆಯನ್ನೂ ಬಿತ್ತುತ್ತದೆ. ಐದು ನಿಮಿಷ ಕದ್ದರು, ಅದೇ ಲಾಭ ಎಂದು ಅನ್ನಿಸಿಬಿಡುತ್ತದೆ. ನಾನೂ ಎಷ್ಟೋ ತಿಂಗಳು ಹಾಗೇ ಅಂದುಕೊಂಡಿದ್ದೆ. ಬೆಲ್ಲು ಸರಿಯಾದ ಹೊತ್ತಿಗೆ ಹೊಡೆದರೆ ಎಲ್ಲ ನ್ಯಾಯವಾಗುತ್ತದೆ ಅಂತ. ಈ ತಪ್ಪನ್ನು ತಿದ್ದುವುದು ಏಳನೇ ಅಧ್ಯಾಯ. ಈ ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಈ ಭಾಗವನ್ನು ಇಟ್ಟುಕೊಳ್ಳಿ.

ಅದಕ್ಕೆ ಮೊದಲು ನಾಲ್ಕರಿಂದ ಆರನೇ ಅಧ್ಯಾಯದವರೆಗೆ ಒಂದು ಸಲ ಓದಿ. ಅವು ಚಿಕ್ಕವು. ಸರಕು ಮಾರಿ ಹಣ ಪಡೆದು ಇನ್ನೊಂದು ಸರಕು ಕೊಳ್ಳುವುದು ಒಂದು ದಾರಿ. ಹಣ ಹಾಕಿ ಸರಕು ಕೊಂಡು, ಮಾರಿ, ಹಾಕಿದ್ದಕ್ಕಿಂತ ಜಾಸ್ತಿ ಹಣ ಪಡೆಯುವುದು ಇನ್ನೊಂದು. ಎಲ್ಲವೂ ಸರಿಯಾದ ಬೆಲೆಗೆ ಕೈ ಬದಲಾದರೆ ಆ ಜಾಸ್ತಿ ಹಣ ಎಲ್ಲಿಂದ ಬಂತು? ಆರನೇ ಅಧ್ಯಾಯದ ಉತ್ತರ: ಸಂತೆಯಲ್ಲಿ ಒಂದು ವಿಶೇಷ ಸರಕು ಸಿಗುತ್ತದೆ, ಅದನ್ನು ಬಳಸಿದರೆ ಮೌಲ್ಯ ಹುಟ್ಟುತ್ತದೆ. ಅದು ಮನುಷ್ಯರ ಶ್ರಮಶಕ್ತಿ. ಕೆಲಸಗಾರ ಮಾರುವುದು ಶ್ರಮವನ್ನಲ್ಲ, ಶ್ರಮಶಕ್ತಿಯನ್ನು, ಅಂದರೆ ದುಡಿಯುವ ಸಾಮರ್ಥ್ಯವನ್ನು. ಈ ಎರಡು ಪದ ಬೆರೆಸಿದರೆ ಮುಂದೆ ಎಲ್ಲವೂ ಕಲಸಿಹೋಗುತ್ತದೆ. ಬೇರೆ ಬೇರೆ ಬಣ್ಣದಲ್ಲಿ ಗೆರೆ ಹಾಕಿ.

ಈಗ ಲೆಕ್ಕ. ಮಾರ್ಕ್ಸ್ ಕೊಡುವ ಅಂಕಿಗಳನ್ನೇ ಹಿಡಿಯೋಣ. ನೂಲುವವನ ಒಂದು ದಿನದ ಶ್ರಮಶಕ್ತಿಯ ಬೆಲೆ 3 ಷಿಲಿಂಗ್ (ಇಂಗ್ಲೆಂಡಿನ ಹಳೆಯ ನಾಣ್ಯ). ಅಷ್ಟು ಮೌಲ್ಯ ಹುಟ್ಟಲು ಆರು ಗಂಟೆ ದುಡಿಮೆ ಸಾಕು. ಆರು ಗಂಟೆಯಲ್ಲಿ ಅವನು 10 ಪೌಂಡ್ ತೂಕದ ಹತ್ತಿ ನೂಲುತ್ತಾನೆ. ಹತ್ತಿಗೆ 10 ಷಿಲಿಂಗ್. ಸವೆದ ಕದಿರಿಗೆ 2 ಷಿಲಿಂಗ್. ಅವನ ದುಡಿಮೆ ಸೇರಿಸಿದ್ದು 3. ನೂಲಿನ ಮೌಲ್ಯ 15 ಷಿಲಿಂಗ್. ಮಾಲೀಕ ಹಾಕಿದ್ದೂ 15. ಲಾಭ ಇಲ್ಲ.

ಈಗ ಅದೇ ಮನುಷ್ಯ ಹನ್ನೆರಡು ಗಂಟೆ ದುಡಿಯಲಿ. ಹತ್ತಿ 20 ಪೌಂಡ್, 20 ಷಿಲಿಂಗ್. ಕದಿರು 4. ಹನ್ನೆರಡು ಗಂಟೆಯ ದುಡಿಮೆ ಸೇರಿಸಿದ್ದು 6. ನೂಲಿನ ಮೌಲ್ಯ 30. ಮಾಲೀಕ ಹಾಕಿದ್ದೆಷ್ಟು? ಹತ್ತಿಗೆ 20, ಕದಿರಿಗೆ 4, ಶ್ರಮಶಕ್ತಿಗೆ ಅದೇ 3. ಒಟ್ಟು 27. ಉಳಿದದ್ದು 3 ಷಿಲಿಂಗ್. ಅದು ಹೆಚ್ಚುವರಿ ಮೌಲ್ಯ.

ಇದನ್ನು ಸುಮ್ನೆ ಓದಿ ಬಿಡಬೇಡಿ. ಪ್ರತಿಯೊಬ್ಬರೂ ಪುಸ್ತಕ ಮುಚ್ಚಿ ಕೈಯಲ್ಲಿ ಬರೆಯಬೇಕು. ಬರೆದ ಮೇಲೆ ಒಂದು ಪ್ರಶ್ನೆ ಹಾಕಿ: ಇಲ್ಲಿ ಮೋಸ ಎಲ್ಲಾಯಿತು? ಹತ್ತಿ ಸರಿಯಾದ ಬೆಲೆಗೆ ಬಂತು. ಕದಿರು ಸರಿಯಾದ ಬೆಲೆಗೆ ಬಂತು. ಶ್ರಮಶಕ್ತಿಗೂ ಪೂರ್ತಿ ಬೆಲೆ ಸಿಕ್ಕಿತು. ನೂಲು ಮಾರಿದ್ದೂ ಅದರ ಮೌಲ್ಯಕ್ಕೇ. ಯಾರೂ ಯಾರಿಗೂ ಮೋಸ ಮಾಡಿಲ್ಲ. ಆದರೂ 3 ಷಿಲಿಂಗ್ ಒಂದೇ ಕಡೆ ಸೇರಿತು. ನಮ್ಮ ಎರಡನೇ ಬಳಗದಲ್ಲಿ ಒಬ್ಬ ಯುವಕ ಇದನ್ನು ಒಪ್ಪಲೇ ಇಲ್ಲ. “ಎಲ್ಲೋ ಕದ್ದಿರಲೇಬೇಕು” ಎಂದು ಮೂರು ವಾರ ವಾದ ಮಾಡಿದ. ನಾನು ಅವನಿಗೆ ಎರಡು ಕಾಲಮ್ ಹಾಕಿಕೊಟ್ಟೆ. ಒಂದರಲ್ಲಿ ಕಾನೂನು ಮುರಿದು ಕಿತ್ತುಕೊಂಡ ಹೊತ್ತು: ಮೊದಲೇ ಹೊಡೆದ ಬೆಲ್ಲು, ಬರೆಯದ ಓಟಿ, ತಡವಾಗಿ ಬಿಟ್ಟ ಊಟ. ಇನ್ನೊಂದರಲ್ಲಿ ಕಾನೂನಿನ ಒಳಗೇ, ಕರಾರಿನ ಪ್ರಕಾರವೇ ದುಡಿದ ಹೊತ್ತು. ಹೆಚ್ಚುವರಿ ಮೌಲ್ಯದ ಮಾತು ಮುಖ್ಯವಾಗಿ ಎರಡನೇ ಕಾಲಮ್ಮಿನದ್ದು. ಮೊದಲನೆಯದನ್ನು ಇನ್‌ಸ್ಪೆಕ್ಟರ್ ತಡೆಯಬಹುದು. ಎರಡನೆಯದನ್ನು ತಡೆಯಲು ಯಾವ ಇನ್‌ಸ್ಪೆಕ್ಟರಿಗೂ ಅಧಿಕಾರ ಇಲ್ಲ. ಅದನ್ನು ಕಾಯುವುದೇ ಕಾನೂನು. ಹನ್ನೊಂದು ವರ್ಷ ನಾನು ಒಂದು ನಿಮಿಷವೂ ತಪ್ಪಿಲ್ಲದೆ ಬರೆದಿದ್ದರೂ ಎರಡನೇ ಕಾಲಮ್ ಹಾಗೇ ಇರುತ್ತಿತ್ತು.

ಲೆಕ್ಕದಿಂದ ಇನ್ನೊಂದು ಪಾಠವನ್ನೂ ತೆಗೆಯಿರಿ. 3 ಷಿಲಿಂಗನ್ನು ಕೂಲಿಯ 3ರ ಜೊತೆ ಹೋಲಿಸಿದರೆ ನೂರಕ್ಕೆ ನೂರು. ಹಾಕಿದ 27ರ ಜೊತೆ ಹೋಲಿಸಿದರೆ ನೂರಕ್ಕೆ ಸುಮಾರು 11. ಒಂದೇ 3 ಷಿಲಿಂಗ್. ಮೊದಲನೆಯದು ಶೋಷಣೆಯ ದರ, ಎರಡನೆಯದು ಲಾಭದ ದರ. ‘ನಮಗೆ ಉಳಿಯುವುದೇ ಹನ್ನೊಂದು’ ಎಂದು ಮಾಲೀಕರು ಹೇಳುವುದು ಸುಳ್ಳಾಗಬೇಕಿಲ್ಲ. ಅವರು ಭಾಗಿಸುವ ಸಂಖ್ಯೆ ಬೇರೆ.

ಮೊದಲ ಅಧ್ಯಾಯಕ್ಕೆ ಈಗ ಬನ್ನಿ

ಇಲ್ಲಿವರೆಗೆ ಬಂದವರಿಗೆ ಮೊದಲ ಅಧ್ಯಾಯ ಗೋಡೆಯಾಗಿ ಕಾಣುವುದಿಲ್ಲ. ಮೊದಲ ಎರಡು ಭಾಗ, ಆಮೇಲೆ ನಾಲ್ಕನೆಯದು, ಕೊನೆಗೆ ಮೂರನೆಯದು ಓದಿ. ಎರಡು ಕಡೆ ಜನ ಎಡವುತ್ತಾರೆ.

ಒಂದು, ಎಷ್ಟು ಹೊತ್ತು ದುಡಿದರೆ ಅಷ್ಟು ಮೌಲ್ಯ, ಹಾಗಾದರೆ ನಿಧಾನವಾಗಿ ಮಾಡಿದ ವಸ್ತುವಿಗೆ ಜಾಸ್ತಿ ಮೌಲ್ಯವೇ ಎಂಬ ಪ್ರಶ್ನೆ. ಮಾರ್ಕ್ಸ್ ಲೆಕ್ಕಕ್ಕೆ ಹಿಡಿಯುವುದು ಒಬ್ಬನ ಹೊತ್ತನ್ನಲ್ಲ, ಆ ಕಾಲದ ಸಮಾಜದಲ್ಲಿ ಸರಾಸರಿ ಬೇಕಾಗುವ ಹೊತ್ತನ್ನು. ಇಂಗ್ಲೆಂಡಿಗೆ ಯಂತ್ರಮಗ್ಗ ಬಂದಾಗ ಅದೇ ಬಟ್ಟೆ ನೇಯಲು ಹೆಚ್ಚುಕಡಿಮೆ ಅರ್ಧ ಹೊತ್ತು ಸಾಕಾಯಿತು. ಕೈಮಗ್ಗದವನು ಮೊದಲಿನಷ್ಟೇ ಹೊತ್ತು ನೇಯುತ್ತಿದ್ದ. ಆದರೆ ಅವನ ಒಂದು ಗಂಟೆ ಈಗ ಸಮಾಜದ ಅರ್ಧ ಗಂಟೆ. ಅವನು ಏನೂ ತಪ್ಪು ಮಾಡಿರಲಿಲ್ಲ.

ಎರಡು, ದುಡಿಮೆಯೇ ಎಲ್ಲ ಸಂಪತ್ತಿನ ಮೂಲ ಎಂದು ಮಾರ್ಕ್ಸ್ ಹೇಳಿದರು ಎಂಬ ನಂಬಿಕೆ. ಭಾಷಣಗಳಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ. ಅವರು ಹಾಗೆ ಹೇಳಿಲ್ಲ. ಸಂಪತ್ತಿಗೆ ಶ್ರಮ ತಂದೆ, ಭೂಮಿ ತಾಯಿ ಎಂಬ ಹಳೆಯ ಇಂಗ್ಲಿಷ್ ಅರ್ಥಶಾಸ್ತ್ರಜ್ಞ ವಿಲಿಯಂ ಪೆಟ್ಟಿಯ ಮಾತನ್ನು ಮೊದಲ ಅಧ್ಯಾಯದಲ್ಲೇ ಎತ್ತಿ ಹೇಳುತ್ತಾರೆ. 1875ರಲ್ಲಿ ಜರ್ಮನಿಯ ಸಮಾಜವಾದಿಗಳು ತಮ್ಮ ಪಕ್ಷದ ಗುರಿಗಳ ಹೇಳಿಕೆಯಾದ ಗೋಥಾ ಕಾರ್ಯಕ್ರಮದ ಕರಡನ್ನು ಇದೇ ತಪ್ಪು ಸಾಲಿನಿಂದ ಶುರುಮಾಡಿದಾಗ ತಮ್ಮ ಕಡೆಯವರನ್ನೇ ಗಟ್ಟಿಯಾಗಿ ತಿದ್ದಿದರು. ಸಂಪತ್ತು ಬೇರೆ, ಮೌಲ್ಯ ಬೇರೆ. ಪ್ರಕೃತಿಯೂ ಸಂಪತ್ತಿನ ಮೂಲ. ಪರಿಸರದ ಬಗ್ಗೆ ಇಂದು ನಡೆಯುವ ವಾದಗಳಿಗೆ ಈ ಒಂದು ವ್ಯತ್ಯಾಸ ಎಷ್ಟು ಮುಖ್ಯ ಅಲ್ವಾ!

ಯಂತ್ರಗಳ ಬಗ್ಗೆ ಇರುವ ಹದಿನೈದನೇ ಅಧ್ಯಾಯ ತುಂಬಾ ಉದ್ದ. ಅದನ್ನು ನಾಲ್ಕು ಕೂಟಗಳಿಗೆ ಹಂಚಿ. ಕೂಲಿಯ ಬಗ್ಗೆ ಇರುವ ಅಧ್ಯಾಯಗಳಲ್ಲಿ ಪೀಸ್ ರೇಟಿನ ಅಧ್ಯಾಯ, ಅಂದರೆ 21ನೆಯದನ್ನು ಬಿಡಲೇಬೇಡಿ.

ಕೊನೆಯ ಭಾಗದಿಂದ ಎರಡು ಕಥೆ

26ನೇ ಅಧ್ಯಾಯದಿಂದ ಮುಂದೆ ಪುಸ್ತಕ ಇತಿಹಾಸಕ್ಕೆ ಇಳಿಯುತ್ತದೆ. ಮಾರಲು ಶ್ರಮಶಕ್ತಿ ಬಿಟ್ಟರೆ ಬೇರೇನೂ ಇಲ್ಲದ ಜನ ಎಲ್ಲಿಂದ ಬಂದರು ಎಂಬ ಪ್ರಶ್ನೆ. ಸ್ಕಾಟ್ಲೆಂಡಿನಲ್ಲಿ 1814ರಿಂದ 1820ರವರೆಗೆ ಸದರ್ಲೆಂಡಿನ ಡಚೆಸ್ ಸುಮಾರು 3,000 ಕುಟುಂಬಗಳ 15,000 ಜನರನ್ನು ಒಕ್ಕಲೆಬ್ಬಿಸಿದಳು. 1825ರ ಹೊತ್ತಿಗೆ ಅವರ ಜಾಗದಲ್ಲಿ 1,31,000 ಕುರಿಗಳಿದ್ದವು ಎಂದು ಮಾರ್ಕ್ಸ್ ಬರೆಯುತ್ತಾರೆ.

ಇನ್ನೊಂದು ಕಥೆ 33ನೇ ಅಧ್ಯಾಯದ್ದು. ಮಾರ್ಕ್ಸ್ ಬರೆಯುವಂತೆ, ಪೀಲ್ ಎಂಬುವವನು ಆಸ್ಟ್ರೇಲಿಯಾದ ಸ್ವಾನ್ ನದಿ ವಲಸೆ ನೆಲೆಗೆ 50,000 ಪೌಂಡ್ ಬೆಲೆಯ ಸಾಮಾನು ತೆಗೆದುಕೊಂಡು, 3,000 ಕೆಲಸಗಾರ ಜನರನ್ನು ಕರೆದುಕೊಂಡು ಹೋದ. ಅಲ್ಲಿ ಇಳಿದ ಮೇಲೆ ಹಾಸಿಗೆ ಹಾಸಲು ಒಬ್ಬ ಆಳೂ ಉಳಿಯಲಿಲ್ಲ. ನೆಲ ಸುಲಭವಾಗಿ ಸಿಗುವ ಕಡೆ ಇನ್ನೊಬ್ಬನ ಕೈಕೆಳಗೆ ಯಾರು ದುಡಿಯುತ್ತಾರೆ? ಹಣ ಇತ್ತು, ಯಂತ್ರ ಇತ್ತು, ಆದರೆ ಅದು ಬಂಡವಾಳ ಆಗಲಿಲ್ಲ. ಬಂಡವಾಳ ಅಂದರೆ ವಸ್ತುವಲ್ಲ, ಜನರ ನಡುವಿನ ಸಂಬಂಧ ಎಂಬುದನ್ನು ವಿವರಿಸಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಆ ನೆಲ ಖಾಲಿ ಇರಲಿಲ್ಲ, ಅಲ್ಲಿ ಮೊದಲೇ ಜನ ಇದ್ದರು. ಅದನ್ನು ಬಳಗದಲ್ಲಿ ಸೇರಿಸಿ ಹೇಳಿ.

ವಾದಗಳನ್ನು ಓದುವ ರೀತಿ

ವಿರೋಧಿಗಳನ್ನು ಓದದೆ ಈ ಪುಸ್ತಕ ಓದಿದೆ ಅನ್ನಬೇಡಿ. ನಮ್ಮ ಬಳಗದಲ್ಲಿ ಒಂದು ನಿಯಮ ಇದೆ. ನೀವು ಒಪ್ಪದ ಕಡೆಯ ವಾದವನ್ನು ಮೊದಲು ನೀವೇ ಮಂಡಿಸಬೇಕು. ಆ ಕಡೆಯವರು ‘ಹೌದು, ನಾವು ಹೇಳುವುದು ಇದನ್ನೇ’ ಎಂದ ಮೇಲೆ ಮಾತ್ರ ನಿಮ್ಮ ಉತ್ತರ.

ಅತಿ ಕಷ್ಟದ ವಾದದಿಂದಲೇ ಶುರುಮಾಡಿ. 1894ರಲ್ಲಿ ಎಂಗೆಲ್ಸ್ ಮೂರನೇ ಸಂಪುಟ ಹೊರತಂದ ಎರಡು ವರ್ಷಕ್ಕೆ, 1896ರಲ್ಲಿ, ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಬೋಮ್-ಬಾವರ್ಕ್ ಅದರ ಮೇಲೆ ದಾಳಿ ಮಾಡಿದರು. ಮೊದಲ ಸಂಪುಟದಲ್ಲಿ ಸರಕುಗಳು ಮೌಲ್ಯಕ್ಕೆ ತಕ್ಕಂತೆ ಕೈ ಬದಲಾಗುತ್ತವೆ, ಮೂರನೆಯದರಲ್ಲಿ ಹಾಗಲ್ಲ, ಇದು ವಿರೋಧಾಭಾಸ ಎಂದರು. ಒಂದು ಚಿಕ್ಕ ಲೆಕ್ಕ ಹಾಕಿ ನೋಡಿ. ಎರಡು ಉದ್ಯಮ, ತಲಾ 100 ಹಾಕಿವೆ. ಒಂದು ಯಂತ್ರ ಮತ್ತು ಕಚ್ಚಾಮಾಲಿಗೆ 80, ಕೂಲಿಗೆ 20 ಹಾಕಿದೆ. ಇನ್ನೊಂದು ಯಂತ್ರಕ್ಕೆ 20, ಕೂಲಿಗೆ 80. ಎರಡರಲ್ಲೂ ಶೋಷಣೆಯ ದರ ನೂರಕ್ಕೆ ನೂರು. ಮೊದಲನೆಯದರ ಮೌಲ್ಯ 120, ಎರಡನೆಯದರದ್ದು 180. ಹಾಗೇ ಮಾರಿದರೆ ಎಲ್ಲ ಬಂಡವಾಳವೂ ಎರಡನೆಯದಕ್ಕೇ ಓಡುತ್ತದೆ. ಪೈಪೋಟಿಯಲ್ಲಿ ಲಾಭ ಸಮವಾಗಿ ಎರಡೂ 150ಕ್ಕೆ ಮಾರುತ್ತವೆ. ಒಟ್ಟು ಮೌಲ್ಯ 300, ಒಟ್ಟು ಬೆಲೆಯೂ 300. ಹೆಚ್ಚುವರಿ ಮೌಲ್ಯ ಉದ್ಯಮಗಳ ನಡುವೆ ಹಂಚಿಹೋಗುತ್ತದೆ ಎಂಬುದು ಮಾರ್ಕ್ಸ್ ಉತ್ತರ. ಹಾಗಾದರೆ ಕೊಳ್ಳುವ ಯಂತ್ರ, ಕಚ್ಚಾಮಾಲಿನ ಬೆಲೆಯೂ ಬದಲಾಗಬೇಕಲ್ಲ ಎಂಬುದು ಮರುಪ್ರಶ್ನೆ. ಮಾರ್ಕ್ಸ್‌ವಾದಿ ಹಿಲ್ಫರ್ಡಿಂಗ್ 1904ರಲ್ಲಿ ಬೋಮ್-ಬಾವರ್ಕ್‌ಗೆ ಉತ್ತರ ಬರೆದರು. 1907ರಲ್ಲಿ ಅರ್ಥಶಾಸ್ತ್ರಜ್ಞ ಬೋರ್ಟ್‌ಕೀವಿಚ್ ಗಣಿತದಲ್ಲಿ ತಿದ್ದಲು ಹೋದರು. ವಾದ ಇವತ್ತಿಗೂ ಮುಗಿದಿಲ್ಲ. ನನ್ನ ಮಟ್ಟಿಗೆ, ಮರುಪ್ರಶ್ನೆ ನಿಜವಾದ ಪ್ರಶ್ನೆ. ಅದನ್ನು ಬೂರ್ಜ್ವಾ (ಮಾಲೀಕ ವರ್ಗದ) ಕುತಂತ್ರ ಎಂದು ತಳ್ಳಿಹಾಕುವವರ ಜೊತೆ ನಾನು ಓದಲು ಕೂರುವುದಿಲ್ಲ.

ಸುಧಾರಣೆಯೋ ಕ್ರಾಂತಿಯೋ ಎಂಬ ವಾದಕ್ಕೆ ಜರ್ಮನಿಯ ಸಮಾಜವಾದಿಗಳಾದ ಬರ್ನ್‌ಸ್ಟೈನ್ ಮತ್ತು ರೋಸಾ ಲಕ್ಸೆಂಬರ್ಗ್ ಇಬ್ಬರ 1899ರ ಬರಹಗಳನ್ನೂ ಜೊತೆಯಲ್ಲಿ ಇಡಿ. ಕೊನೆಯ ಗುರಿಗಿಂತ ದಿನದಿನದ ಚಳವಳಿಯೇ ಮುಖ್ಯ ಎಂದರು ಬರ್ನ್‌ಸ್ಟೈನ್. ಸುಧಾರಣೆಯ ಹೋರಾಟ ದಾರಿ, ಸಮಾಜದ ಬದಲಾವಣೆ ಗುರಿ, ಎರಡನ್ನೂ ಬಿಡಿಸಬೇಡಿ ಎಂದರು ಲಕ್ಸೆಂಬರ್ಗ್. ಇಲ್ಲಿ ಹತ್ತನೇ ಅಧ್ಯಾಯವನ್ನು ಮತ್ತೆ ತೆಗೆಯಿರಿ. ಹತ್ತು ಗಂಟೆಯ ಕಾಯ್ದೆ ಸುಧಾರಣೆಯೇ. 1864ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಘದ ಉದ್ಘಾಟನಾ ಭಾಷಣದಲ್ಲಿ ಮಾರ್ಕ್ಸ್ ಅದನ್ನು ಒಂದು ತತ್ವದ ಗೆಲುವು ಎಂದೇ ಕರೆದರು. ಎರಡೂ ಕಡೆಯವರು ಇದನ್ನು ತಮ್ಮದೆಂದು ಹೇಳಿಕೊಳ್ಳಬಹುದು. ನನ್ನ ಎರಡು ಕಾಲಮ್ ನೆನಪಿದೆಯಲ್ಲ? ಕಾಯ್ದೆ ಗೆರೆಯನ್ನು ಗಿಡ್ಡ ಮಾಡುತ್ತದೆ. ಬ ದಿಂದ ಕ ವರೆಗಿನ ತುಂಡು ಯಾರದ್ದು ಎಂಬುದನ್ನು ಮುಟ್ಟುವುದಿಲ್ಲ. ಹಾಗೆಂದು ಗಿಡ್ಡ ಮಾಡಿದ್ದು ಚಿಕ್ಕ ಕೆಲಸವಲ್ಲ. ಮೇರಿ ಆನ್ ವಾಕ್ಲಿಯ ಪುಟ ಓದಿದವರು ಹಾಗೆ ಹೇಳಲಾರರು. ನಾನು ಲಕ್ಸೆಂಬರ್ಗ್ ಕಡೆ.

ಎಲ್ಲ ದೇಶಗಳೂ ಇಂಗ್ಲೆಂಡಿನ ದಾರಿಯಲ್ಲೇ ಹೋಗಬೇಕೇ ಎಂದು ಯಾರಾದರೂ ಕೇಳಿದರೆ ವೆರಾ ಜಾಸುಲಿಚ್ ಅವರ ಪತ್ರ ತೆಗೆಯಿರಿ. ರಷ್ಯಾದ ಹಳ್ಳಿ ಸಮುದಾಯ ಅಳಿಯಲೇಬೇಕೇ ಎಂದು ಈ ಕ್ರಾಂತಿಕಾರಿ ಮಹಿಳೆ 1881ರ ಫೆಬ್ರುವರಿಯಲ್ಲಿ ಮಾರ್ಕ್ಸ್‌ಗೆ ನೇರವಾಗಿ ಕೇಳಿದರು. ಮಾರ್ಕ್ಸ್ ಹಲವು ಕರಡು ಬರೆದು, ಬಿಟ್ಟು, ಮಾರ್ಚ್ 8ರಂದು ಚಿಕ್ಕ ಉತ್ತರ ಕಳಿಸಿದರು. ತಾನು ಹೇಳಿದ ಅನಿವಾರ್ಯತೆ ಪಶ್ಚಿಮ ಯೂರೋಪಿನ ದೇಶಗಳಿಗೆ ಮಾತ್ರ ಎಂದರು. ಆ ಕರಡುಗಳನ್ನೂ ಓದಿ. ಅಷ್ಟು ದೊಡ್ಡ ಪುಸ್ತಕ ಬರೆದ ಮನುಷ್ಯ ಒಂದು ಪ್ರಶ್ನೆಯ ಮುಂದೆ ಅಷ್ಟು ಹೊತ್ತು ಯೋಚಿಸುತ್ತಾ ಕೂತಿದ್ದು ಅಲ್ಲಿ ಕಾಣುತ್ತದೆ.

ಈಗ ನಡೆಯುತ್ತಿರುವ ನಾಲ್ಕನೇ ಬಳಗದಲ್ಲಿ ಹೊಲಿಗೆ ಲೈನಿನಲ್ಲಿ ದುಡಿದ ಒಬ್ಬ ಅಕ್ಕ ಇದ್ದಾರೆ. ಮೊದಲ ದಿನ ಎಲ್ಲರೂ ತಮ್ಮ ದಿನದ ಗೆರೆ ಎಳೆದಾಗ ಅವರ ಗೆರೆ ಬೆಳಗಿನ ಜಾವ ನಾಲ್ಕೂವರೆಗೆ ಶುರುವಾಗಿ ರಾತ್ರಿ ಹನ್ನೊಂದಕ್ಕೆ ಮುಗಿಯಿತು. ಕಾರ್ಖಾನೆಯ ದಪ್ಪ ತುಂಡು ನಡುವೆ ಮಾತ್ರ ಇತ್ತು. ಆರನೇ ಅಧ್ಯಾಯ ಬಂದಾಗ ಅವರು ಕೇಳಿದರು: “ಕೆಲಸಗಾರ ಮಾರನೇ ದಿನ ಮತ್ತೆ ಬರೋದಕ್ಕೆ ಬೇಕಾದ ವಸ್ತುಗಳ ಬೆಲೆ ಇಲ್ಲಿ ಹಾಕಿದಾರೆ. ಅದನ್ನ ಬೇಯಿಸೋದು, ಬಟ್ಟೆ ಒಗೆಯೋದು, ಮಗು ಸಾಕೋದು ಯಾವ ಲೆಕ್ಕದಲ್ಲಿದೆ?” ನಾನು 23ನೇ ಅಧ್ಯಾಯದಲ್ಲಿ ಒಂದು ಸಾಲು ತೋರಿಸಿದೆ. ಕೆಲಸಗಾರ ವರ್ಗ ತನ್ನನ್ನು ತಾನು ಉಳಿಸಿಕೊಳ್ಳುವುದನ್ನೂ ಬೆಳೆಸಿಕೊಳ್ಳುವುದನ್ನೂ ಬಂಡವಾಳಗಾರ ಅವರ ಸಹಜ ಪ್ರವೃತ್ತಿಗೇ ಬಿಟ್ಟು ನಿಶ್ಚಿಂತೆಯಾಗಿರಬಹುದು ಎನ್ನುವ ಸಾಲು. ಅಕ್ಕ ಓದಿ, “ಪ್ರವೃತ್ತಿ ಅಲ್ಲ, ಅದು ನಾನು” ಅಂದರು. 1972ರಲ್ಲಿ ಸ್ತ್ರೀವಾದಿ ಬರಹಗಾರರಾದ ಮರಿಯಾರೋಸಾ ಡಲ್ಲಾ ಕೋಸ್ಟಾ ಮತ್ತು ಸೆಲ್ಮಾ ಜೇಮ್ಸ್ ಎತ್ತಿದ್ದು ಈ ಪ್ರಶ್ನೆಯನ್ನೇ. ಅವರ ಬರಹದ ಪ್ರತಿ ಮಾಡಿಸಿ ಎಲ್ಲರಿಗೂ ಹಂಚಿದ್ದೇವೆ. ಮುಂದಿನ ಕೂಟದಲ್ಲಿ ಅದನ್ನು ಮಂಡಿಸುವವರು ಅಕ್ಕನೇ. ಅವರ ಗೆರೆಯ ಹಾಳೆಯನ್ನು ಗೋಡೆಗೆ ಅಂಟಿಸಿಟ್ಟಿದ್ದೇನೆ.